ಕಣ್ಣಿಗೆ ಸುಣ್ಣ ಸಿಡಿದರೆ ಮೊದಲು ನೀರು

ಮಳೆಗಾಲ ಹತ್ತಿರ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ತೋಟಗಳಲ್ಲಿ ಕೊಳೆ ಔಷಧಿ ಹೊಡೆಯುವ ಕೆಲಸ ಶುರು. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಶತಮಾನದ ಹಿಂದೆ ರೂಢಿಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಇವತ್ತಿಗೂ ಲೆಕ್ಕ ಅದೇ: 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ. ಕೊನೆಗಾರ ಮರದ ತುದಿಯಲ್ಲಿರುವಾಗ ಎಲ್ಲರ ಕಣ್ಣೂ ಅವನ ಮೇಲೆ. ಕೆಳಗೆ ಡ್ರಮ್ಮಿಗೆ ಬಗ್ಗಿ ಸುಣ್ಣ ಕದಡುತ್ತಿರುವವರ ಮುಖಕ್ಕೆ ಕನ್ನಡಕ ಇದೆಯೇ ಎಂದು ನೋಡುವವರು ಕಡಿಮೆ.

ಆಮ್ಲ, ಕ್ಷಾರದ ಅಳತೆಯಾದ ಪಿಎಚ್ ನಮ್ಮ ಕಣ್ಣೀರಿನಲ್ಲಿ 7.4ರ ಆಸುಪಾಸು. ಸುಣ್ಣದ ತಿಳಿನೀರಿನಲ್ಲಿ 12ಕ್ಕೂ ಹೆಚ್ಚು, ಅಂದರೆ ಸುಣ್ಣ ಕಡು ಕ್ಷಾರ. ಆಮ್ಲ ಬಿದ್ದರೆ, ಹಾಲಿಗೆ ನಿಂಬೆ ಹಿಂಡಿದ ಹಾಗೆ, ಕಣ್ಣಿನ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ, ಒಳಗಿಳಿಯುವ ಆಮ್ಲಕ್ಕೆ ಒಂದಷ್ಟು ತಡೆಯಾಗುತ್ತದೆ. ಕ್ಷಾರಕ್ಕೆ ಆ ತಡೆಯೂ ಇಲ್ಲ. ಜೀವಕೋಶಗಳ ಪೊರೆಯ ಕೊಬ್ಬನ್ನೇ ಸಾಬೂನಾಗಿಸುತ್ತಾ ಅದು ಒಳಗಿಳಿಯುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಹಾಗಾಗಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಒಂಟಿ ಮನೆಯಿಂದ ತಾಲೂಕು ಆಸ್ಪತ್ರೆಗೆ ಗಂಟೆ ಹಿಡಿಯುವ ನಮ್ಮ ಕಡೆ, ಕಣ್ಣು ಉಳಿಯುವುದು ಬಹುಮಟ್ಟಿಗೆ ತೋಟದಲ್ಲೋ ಬಚ್ಚಲಲ್ಲೋ ಮಾಡಿದ ಕೆಲಸದಿಂದ.

ತೋಟದ ಮಾತು ಹಾಗಿರಲಿ, ಕವಳದ (ಎಲೆಅಡಿಕೆಯ) ತಟ್ಟೆಯಲ್ಲೂ ಇದೇ ಸುಣ್ಣವಿದೆ. ಪ್ಲಾಸ್ಟಿಕ್ ಪೊಟ್ಟಣದ ಸುಣ್ಣವನ್ನು ಮಕ್ಕಳು ಆಟಕ್ಕೆ ಹಿಚುಕುತ್ತಾರೆ. ಅದು ಒಡೆದು ನೇರ ಕಣ್ಣಿಗೇ ಹಾರುತ್ತದೆ. ಹೀಗೆ ಕಣ್ಣು ಸುಟ್ಟುಕೊಂಡ ಮಕ್ಕಳನ್ನು ನಮ್ಮ ದೇಶದ ಕಣ್ಣಿನ ವೈದ್ಯರು ಮತ್ತೆ ಮತ್ತೆ ನೋಡುತ್ತಿದ್ದಾರೆ. ಆ ಪೊಟ್ಟಣ ಮಕ್ಕಳ ಕೈಗೆಟುಕುವಲ್ಲಿ ಇರಲೇಬಾರದು.

ಬಿದ್ದ ಕೂಡಲೇ ನೀರು. ನಲ್ಲಿ, ಪೈಪಿನಲ್ಲಿ ಬರುವ ಅಬ್ಬಿ ನೀರು, ಕುಡಿಯಲು ತಂದ ಕೊಡ, ಯಾವುದು ಹತ್ತಿರವೋ ಅದು. ಹಂಡೆಯ ಬಿಸಿನೀರು ಬೇಡ, ಔಷಧಿ ಹೊಡೆಯುವ ಪಂಪಿನ ರಭಸವೂ ಬೇಡ. ಪುಡಿ ಸುಣ್ಣವಾದರೆ ಮುಖದ ಮೇಲಿನದನ್ನು ಚಕ್ಕನೆ ಒರೆಸಿ. ನೋವಿನ ಕಣ್ಣು ಕೆಳಗಾಗುವಂತೆ ತಲೆ ವಾಲಿಸಿ, ಮೂಗಿನ ಕಡೆಯಿಂದ ಹೊರಕ್ಕೆ ನೀರು ಹರಿಸಿ. ಕಣ್ಣು ತಾನಾಗಿ ತೆರೆಯುವುದಿಲ್ಲ, ಬಿಗಿದು ಮುಚ್ಚಿಕೊಳ್ಳುತ್ತದೆ. ಇನ್ನೊಬ್ಬರು ರೆಪ್ಪೆ ಬಿಡಿಸಿ ಹಿಡಿಯಲೇಬೇಕು. ಮಗು ಚೀರಾಡುತ್ತದೆ, ಕರುಳು ಚುರುಕ್ ಅನ್ನುತ್ತದೆ, ಆದರೂ ನಿಲ್ಲಿಸಬೇಡಿ. ಕಣ್ಣನ್ನು ಮೇಲೆ ಕೆಳಗೆ, ಆಚೆ ಈಚೆ ಹೊರಳಿಸಲು ಹೇಳಿ. ಸುಣ್ಣದ ಹರಳು ಮೇಲ್ರೆಪ್ಪೆಯ ಒಳಗೆ ಅಡಗಿ ಕೂತು ಸುಡುತ್ತಲೇ ಇರುತ್ತದೆ. ಕಂಡರೆ ಒದ್ದೆ ಬಟ್ಟೆಯ ತುದಿಯಿಂದ ಮೆಲ್ಲಗೆ ತೆಗೆಯಿರಿ. ಅಂಟಿಕೊಂಡಿದ್ದರೆ ಕೆದಕದೆ ವೈದ್ಯರಿಗೆ ಬಿಡಿ. ಕನಿಷ್ಠ 20 ನಿಮಿಷ, ಸುಣ್ಣಕ್ಕಾದರೆ ಅರ್ಧ ಗಂಟೆ ತೊಳೆಯಬೇಕು.

ಕ್ಷಾರಕ್ಕೆ ಆಮ್ಲ ಎದುರು ಎಂದು ನಿಂಬೆರಸ ಹಾಕುವುದು ಗಾಯದ ಮೇಲೆ ಇನ್ನೊಂದು ಗಾಯ. ತುಪ್ಪ, ಹರಳೆಣ್ಣೆ, ಜೇನು, ಎದೆಹಾಲು ಯಾವುದೂ ಬೇಡ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ಅದನ್ನು ಹುಡುಕುವ ಹೊತ್ತಿನಲ್ಲಿ ಸುಣ್ಣ ಇನ್ನಷ್ಟು ಆಳಕ್ಕೆ ಹೋಗಿರುತ್ತದೆ.

ಟಾಯ್ಲೆಟ್ ತೊಳೆಯುವ ಆಸಿಡ್, ಬ್ಲೀಚಿಂಗ್ ಪೌಡರ್, ಫಿನಾಯಿಲ್, ಮೈಲುತುತ್ತ ಬಿದ್ದರೂ ಮೊದಲ ಕೆಲಸ ಇದೇ. ಸೂಜಿಮೆಣಸಿನ ಕಥೆ ಮಾತ್ರ ಬೇರೆ. ಅದರ ಖಾರದ ಅಂಶವಾದ ಕ್ಯಾಪ್ಸೈಸಿನ್, ಬಿಸಿ ಗ್ರಹಿಸುವ ನರಗಳನ್ನು ಕೆಣಕುತ್ತದೆ. ಕಣ್ಣು ಸುಡದಿದ್ದರೂ ಸುಟ್ಟಂತೆ ಉರಿಯುತ್ತದೆ. ತೊಳೆದರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಶಮನ.

ಸುಣ್ಣದ ವಿಷಯದಲ್ಲಿ ಉರಿ ಇಳಿಯಿತೆಂದು ಸುಮ್ಮನಾಗುವಂತಿಲ್ಲ. ಗಾಯ ಆಳವಾದಾಗ ನರಗಳೂ ಸುಟ್ಟು ನೋವು ಕಡಿಮೆ ಅನ್ನಿಸಬಹುದು. ರಕ್ತನಾಳ ಮುಚ್ಚಿಹೋದ ಕಣ್ಣು ಕೆಂಪಾಗದೆ ಬೆಳ್ಳಗೆ ಕಾಣಬಹುದು. ತೊಳೆದಾದ ಮೇಲೆ ಪೊಟ್ಟಣವನ್ನೂ ಜೊತೆಗಿಟ್ಟುಕೊಂಡು, ದಾರಿಯುದ್ದಕ್ಕೂ ಬಾಟಲಿಯಿಂದ ನೀರು ಬಿಡುತ್ತಾ, ಅದೇ ದಿನ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಹೋಗಿ. ಅವರು ಪಿಎಚ್ ಕಾಗದ ಇಟ್ಟು ನೋಡಿ, ರೆಪ್ಪೆ ಮಗುಚಿ ಉಳಿದ ಸುಣ್ಣ ತೆಗೆಯುತ್ತಾರೆ.