ಕೊನೆಯ ಪುಟ ಮೊದಲೇ ತಿರುವುವವರು

ಆಕೆ ಒಳಗೆ ಬಂದಾಗ ಕೈಯಲ್ಲೊಂದು ದಪ್ಪನೆಯ ಪತ್ತೇದಾರಿ ಕಾದಂಬರಿ ಇತ್ತು. ಹೊರಗೆ ಕಾಯುವಾಗ ಓದುತ್ತಿದ್ದರಂತೆ. ಓದು ನಿಲ್ಲಿಸಿದ ಪುಟದ ನಡುವೆ ತೋರುಬೆರಳು ಸಿಕ್ಕಿಸಿಕೊಂಡೇ ಕುಳಿತರು. ಐದು ನಿಮಿಷ ಮಾತಾಡಿದ ಮೇಲೂ ಬೆರಳು ಹೊರಗೆ ಬರಲಿಲ್ಲ. ಕೊನೆಗೆ ನಾನೇ ಪ್ಯಾಡಿನಿಂದ ಒಂದು ಚೀಟಿ ಹರಿದು ಕೊಟ್ಟೆ. 'ಇದನ್ನಿಡಿ, ಬೆರಳು ಪಾಪ' ಎಂದೆ.

ಆಪ್ತಸಮಾಲೋಚನೆಗೆ ಬಂದಿದ್ದು ನಿದ್ದೆಯ ತೊಂದರೆ ಎಂದು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬೆರಳಿನ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೆ.) ಬಡ್ತಿಯ ಸಂದರ್ಶನ ಮುಗಿದು ಹತ್ತು ದಿನವಾಗಿತ್ತು, ಫಲಿತಾಂಶ ಬಂದಿರಲಿಲ್ಲ. ನಡುವೆ ಒಂದು ದಿನ ಮೇಲಧಿಕಾರಿ ಲಿಫ್ಟಿನಲ್ಲಿ ಸಿಕ್ಕಿದ್ದರು, ಎಂದಿನಂತೆ ನಕ್ಕಿರಲಿಲ್ಲ. ನಡೆದದ್ದು ಇಷ್ಟೇ. ಆದರೆ ಆಕೆಯ ತಲೆಯೊಳಗೆ ಅಷ್ಟರಲ್ಲಿ ಬಡ್ತಿ ತಪ್ಪಿಹೋಗಿತ್ತು, ಕೈಕೆಳಗಿನವರೊಬ್ಬರು ಮೇಲೆ ಬಂದು ಕೂತಿದ್ದರು, ರಾಜೀನಾಮೆ ಬರೆದಾಗಿತ್ತು, ಸಾಲದ ಕಂತು ನಿಂತುಹೋಗಿತ್ತು. 'ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ ಮೇಡಂ. ಆಮೇಲೆ ಬೆಳಗಿನ ತನಕ ಇದೇ ಸಿನಿಮಾ.'

ಪುಸ್ತಕದ ಕಡೆ ಕೈತೋರಿಸಿ ಕೇಳಿದೆ, 'ಇದರಲ್ಲಿ ಕೊಲೆ ಮಾಡಿದ್ದು ಯಾರು?'

'ಗೊತ್ತಿಲ್ಲ, ಇನ್ನೂ ನೂರು ಪುಟ ಇದೆ.'

'ಕೊನೆಯ ಪುಟ ನೋಡಿಬಿಡಬಹುದಲ್ಲ?'

'ಅಯ್ಯೋ, ಹಾಗೆ ನೋಡಿಬಿಟ್ಟರೆ ಓದೋದಾದರೂ ಯಾಕೆ?'

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಅವರಿಗೇ ನಗು ಬಂತು. ನೂರು ಪುಟದಷ್ಟು ಗೊತ್ತಿಲ್ಲದ್ದನ್ನು ಚಪ್ಪರಿಸಿಕೊಂಡು ಓದುತ್ತಿದ್ದವರೇ, ಹತ್ತು ದಿನದ ಗೊತ್ತಿಲ್ಲದ್ದನ್ನು ತಾಳಲಾರದೆ ತಮ್ಮ ಕಥೆಯ ಕೊನೆಯ ಪುಟವನ್ನು ತಾವೇ ಬರೆದು, ದಿನಾ ರಾತ್ರಿ ಮೂರಕ್ಕೆ ಎದ್ದು ಅದನ್ನೇ ಓದುತ್ತಿದ್ದರು.

ಕೆಟ್ಟ ಸುದ್ದಿಗಿಂತ ಸುದ್ದಿಯೇ ಬಾರದಿರುವುದು ಹೆಚ್ಚು ಕಾಡುತ್ತದೆ ಎಂಬುದು ಫಲಿತಾಂಶಕ್ಕೆ ಕಾದ ಯಾರಿಗೂ ಹೊಸದಲ್ಲ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಇದನ್ನು ಅಳೆದೇ ನೋಡಿದರು. 45 ಮಂದಿಯನ್ನು ಕಂಪ್ಯೂಟರ್ ಆಟವೊಂದಕ್ಕೆ ಕೂರಿಸಿದರು. ಪರದೆಯ ಮೇಲೆ ಕಲ್ಲುಗಳು ಬರುತ್ತವೆ, ಕಲ್ಲಿನಡಿ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೊಂದು ಸಣ್ಣ ಶಾಕ್. ಆಡುವವರ ಬೆವರು, ಕಣ್ಣಪಾಪೆಯ ಅಗಲ ಎಲ್ಲ ದಾಖಲಾಗುತ್ತಿತ್ತು. ಶಾಕ್ ಹೊಡೆದೇ ಹೊಡೆಯುತ್ತದೆ ಎಂದು ಖಾತ್ರಿಯಿದ್ದಾಗ ಇದ್ದ ಒತ್ತಡಕ್ಕಿಂತ, ಹೊಡೆದರೂ ಹೊಡೆದೀತು ಇಲ್ಲದಿದ್ದರೂ ಇಲ್ಲ ಎಂಬ ಅರ್ಧಕ್ಕರ್ಧ ಸ್ಥಿತಿಯಲ್ಲಿನ ಒತ್ತಡವೇ ಹೆಚ್ಚಾಗಿತ್ತು.

ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಬೆಚ್ಚಿದವನ ದೃಷ್ಟಾಂತ ನಮಗೆ ಹಳೆಯದು. ಅದನ್ನು ಭ್ರಮೆಯ ಉದಾಹರಣೆಯಾಗಿ ಹೇಳುತ್ತಾರೆ. ನನ್ನ ಕೋಣೆಯಲ್ಲಿ ನನಗೆ ಅದು ಬೇರೆ ಥರ ಕಾಣುತ್ತದೆ. ಹಗ್ಗವೋ ಹಾವೋ ಎಂದು ಒಂದು ಕಾಲೆತ್ತಿಕೊಂಡು ನಿಂತಿರುವುದಕ್ಕಿಂತ 'ಹಾವೇ ಸೈ' ಎಂದುಬಿಟ್ಟರೆ ಮನಸ್ಸಿಗೆ ಒಂದು ಬಗೆಯ ನಿರಾಳ. ಓಡುವುದಕ್ಕಾದರೂ ಒಂದು ದಿಕ್ಕು ಸಿಗುತ್ತದೆ. ಹಿನ್ನಡೆಯಾದಾಗ, ಅಥವಾ ಆಗುವ ಸೂಚನೆ ಕಂಡಾಗ, ನಾವು ಕೆಟ್ಟದ್ದನ್ನೇ ಕಲ್ಪಿಸಿಕೊಳ್ಳುವುದು ನಮ್ಮ ಸ್ವಭಾವ ಅಳುಕಿನದು ಎಂದಲ್ಲ. ಕೆಟ್ಟದ್ದಾದರೂ ಪರವಾಗಿಲ್ಲ, ಒಂದು ಮುಕ್ತಾಯ ಬೇಕು ಎಂಬ ಹಸಿವು ಅದು.

ಹಾಗಾದರೆ ಕಾದಂಬರಿಯಲ್ಲಿ ಅದೇ ಸ್ಥಿತಿ ಯಾಕೆ ರುಚಿಸುತ್ತದೆ? ಸಸ್ಪೆನ್ಸ್ ಚಿತ್ರಗಳ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್, ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೊಗೆ ಕೊಟ್ಟ ಸಂದರ್ಶನದಲ್ಲಿ ಕೊಟ್ಟ ಉದಾಹರಣೆ ಈಗ ಎಲ್ಲರ ಬಾಯಲ್ಲಿದೆ. ಮೇಜಿನ ಕೆಳಗೆ ಬಾಂಬ್ ಇದೆ. ನೋಡುವವರಿಗೆ ಅದು ಗೊತ್ತಿಲ್ಲ, ಏಕಾಏಕಿ ಸಿಡಿಯುತ್ತದೆ. ಆಗ ಸಿಗುವುದು 15 ಸೆಕೆಂಡಿನ ಬೆಚ್ಚು. ಬಾಂಬ್ ಇರುವುದು ನೋಡುವವರಿಗೆ ಗೊತ್ತಿದ್ದು, ಮೇಜಿನ ಬಳಿ ಕುಳಿತವರಿಗೆ ಗೊತ್ತಿಲ್ಲದೆ ಅವರು ಹಾಳುಹರಟೆ ಹೊಡೆಯುತ್ತಿದ್ದರೆ 15 ನಿಮಿಷದ ತಳಮಳ. ಇಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಮಾತಿದೆ. ಆ ತಳಮಳ ಸಹ್ಯವಾಗುವುದು, ಅದಕ್ಕೊಂದು ಅಳತೆ ಇರುವುದರಿಂದ. ಕಾದಂಬರಿ ಓದುವಾಗಲೂ ಬಲಗೈಯಲ್ಲಿ ಉಳಿದ ಪುಟಗಳ ದಪ್ಪ ಬೆರಳಿಗೆ ಸಿಗುತ್ತಿರುತ್ತದೆ. ನಾಯಕ ಬಾವಿಗೆ ಬಿದ್ದಾಗ ಇನ್ನೂ ಇನ್ನೂರು ಪುಟ ಇದೆಯೆಂದರೆ ಅವನು ಇಷ್ಟಕ್ಕೇ ಸಾಯುವುದಿಲ್ಲ ಎಂದು ಆ ದಪ್ಪವೇ ಹೇಳುತ್ತದೆ. ಇದನ್ನೆಲ್ಲ ಹೆಣೆದವರೊಬ್ಬರಿದ್ದಾರೆ, ನಮ್ಮನ್ನು ನಡುನೀರಲ್ಲಿ ಬಿಟ್ಟು ಹೋಗಲಾರರು ಎಂಬ ಭರವಸೆಯೂ ಇದೆ.

ಬದುಕಿನಲ್ಲಿ ಬಲಗೈಗೆ ಏನೂ ಸಿಗುವುದಿಲ್ಲ. ಆದ್ದರಿಂದ ನಾನು ಮೊದಲು ಮಾಡಿಸುವ ಕೆಲಸ, ಕಾಯುವಿಕೆಗೆ ಒಂದು ದಪ್ಪ ಕೊಡುವುದು. ಆಕೆಗೂ ಅದನ್ನೇ ಕೇಳಿದೆ. ಫಲಿತಾಂಶ ಯಾವಾಗ ಎಂದು ಯಾರಿಗೆ ಗೊತ್ತಿರುತ್ತದೆ? ಎಚ್‌ಆರ್‌ನವರಿಗೆ. ಅವರನ್ನು ಕೇಳಿದ್ದೀರಾ? ಇಲ್ಲ. ಯಾವತ್ತು ಕೇಳುತ್ತೀರಿ? ತಡವರಿಸಿದರು. 'ಈ ವಾರದಲ್ಲಿ ಯಾವಾಗಲಾದರೂ...' ಅದಾಗದು ಎಂದೆ. ಇನ್ನೊಂದು ಚೀಟಿ ಹರಿದು ಬರೆಸಿದೆ: 'ಶುಕ್ರವಾರ ಊಟದ ವಿರಾಮ ಮುಗಿದ ಕೂಡಲೇ, ಮೇಜಿಗೆ ವಾಪಸ್ ಬರುವ ಮೊದಲು, ಎಚ್‌ಆರ್ ಕೋಣೆಗೆ ಹೋಗಿ ಎರಡು ವಾಕ್ಯ ಕೇಳುತ್ತೇನೆ.' ಆ ಎರಡು ವಾಕ್ಯವನ್ನೂ ಬರೆಸಿದೆ.

ಇಷ್ಟು ಸಣ್ಣದನ್ನು ಇಷ್ಟು ವಿವರವಾಗಿ ಬರೆಸುವುದಕ್ಕೆ ಕಾರಣವಿದೆ. ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಎಳೆಯುತ್ತಲೇ ಇರುತ್ತದೆ ಎಂಬ ಮಾತನ್ನು 1927ರಲ್ಲಿ ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ ಹೇಳಿದರು. ಅರ್ಧಕ್ಕೆ ನಿಂತದ್ದೇ ಹೆಚ್ಚು ನೆನಪಿರುತ್ತದೆ ಎಂಬ ಅವರ ಫಲಿತಾಂಶ ಮುಂದೆ ಎಲ್ಲರ ಪ್ರಯೋಗದಲ್ಲೂ ಮರಳಿ ಸಿಗಲಿಲ್ಲ. ಆದರೆ ಬಿಟ್ಟ ಕೆಲಸಕ್ಕೆ ಮರಳಬೇಕೆಂಬ ಸೆಳೆತವನ್ನು ತೋರಿಸಿದ ಅವರ ಸಹಪಾಠಿ ಮರಿಯಾ ಒವ್‌ಸಿಯಾಂಕಿನಾರ ಕೆಲಸ ಹೆಚ್ಚು ಗಟ್ಟಿಯಾಗಿ ನಿಂತಿದೆ. 2011ರಲ್ಲಿ ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬಿಬ್ಬರು ಇದಕ್ಕೆ ಇನ್ನೊಂದು ತುಂಡು ಸೇರಿಸಿದರು. ಮುಗಿಯದ ಕೆಲಸಗಳನ್ನು ನೆನಪಿಸಿ, ಆಮೇಲೆ ಕಾದಂಬರಿಯ ಪುಟಗಳನ್ನು ಓದಲು ಕೊಟ್ಟರು. ಆ ಕೆಲಸಗಳು ಓದಿನ ನಡುವೆ ಬಂದು ಬಂದು ಕಾಡಿದವು. ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಎಂದು ಯೋಜನೆ ಹಾಕಿಕೊಂಡವರನ್ನು ಅಷ್ಟಾಗಿ ಕಾಡಲಿಲ್ಲ. ಕೆಲಸ ಮುಗಿದಿರಲಿಲ್ಲ, ಗಮನಿಸಿ. ಅದಕ್ಕೊಂದು ಜಾಗ ಸಿಕ್ಕಿತ್ತು, ಅಷ್ಟೇ. ಪುಸ್ತಕದ ನಡುವೆ ಚೀಟಿ ಇಟ್ಟ ಮೇಲೆ ಬೆರಳು ಬಿಡುಗಡೆಯಾದ ಹಾಗೆ.

ಇಲ್ಲಿಯವರೆಗೆ ಸಸ್ಪೆನ್ಸ್ ಓದಿನ ಪರವಾಗಿ ಮಾತಾಡಿದೆ. ಇನ್ನು ಅದರ ಮೇಲಿನ ನನ್ನ ದೂರು.

ಪತ್ತೇದಾರಿ ಕಾದಂಬರಿಯಲ್ಲಿ ಯಾವುದೂ ಸುಮ್ಮನೆ ಬರುವುದಿಲ್ಲ. ಮೂರನೆಯ ಅಧ್ಯಾಯದಲ್ಲಿ ಒಬ್ಬ ಎಡಗೈಯಲ್ಲಿ ಲೋಟ ಹಿಡಿದರೆ ಹದಿನೆಂಟನೆಯ ಅಧ್ಯಾಯದಲ್ಲಿ ಅದಕ್ಕೆ ಬೆಲೆ ಬರುತ್ತದೆ. ದಾರಿ ತಪ್ಪಿಸಲೆಂದೇ ಇಟ್ಟ ಸುಳ್ಳು ಸುಳಿವಿಗೂ ಅಲ್ಲೊಂದು ಕೆಲಸವಿದೆ. ಇದನ್ನೇ ನೂರಾರು ಸಲ ಓದಿ ಪಳಗಿದ ಕಣ್ಣು ಬದುಕನ್ನೂ ಹಾಗೇ ಓದಲು ಶುರುಮಾಡುತ್ತದೆ. ಮೇಲಧಿಕಾರಿ ನಗಲಿಲ್ಲ: ಸುಳಿವು. ಮೀಟಿಂಗಿನ ಮೇಲ್‌ನಲ್ಲಿ ನನ್ನ ಹೆಸರು ಕೊನೆಗೆ ಬಂತು: ಸುಳಿವು. ಮೆಸೇಜ್ ಓದಿದ್ದಾರೆ, ನೀಲಿ ಗೆರೆ ಬಂದಿದೆ, ಉತ್ತರವಿಲ್ಲ: ಇದಂತೂ ಸಾಕ್ಷಿಯೇ.

ನಾನೇನು ಹೊರತಲ್ಲ. ಒಮ್ಮೆ ಹಳೆಯ ಗೆಳತಿಗೆ ಉದ್ದನೆಯ ಮೆಸೇಜ್ ಬರೆದಿದ್ದೆ. ಅವಳಿಂದ 'ಸರಿ.' ಎಂದು ಬಂತು. ಪೂರ್ಣವಿರಾಮ ಸಮೇತ. ಆ ಪೂರ್ಣವಿರಾಮದ ಮೇಲೆ ಒಂದಿಡೀ ಮಧ್ಯಾಹ್ನ ತನಿಖೆ ನಡೆಸಿದೆ. ಯಾವ ಮಾತು ಚುಚ್ಚಿತು, ಎರಡು ವರ್ಷದ ಹಿಂದಿನ ಯಾವ ಘಟನೆ ಅವಳ ಮನಸ್ಸಿನಲ್ಲಿ ಉಳಿದಿರಬಹುದು ಎಂದೆಲ್ಲ ಕೆದಕಿದೆ. ಸಂಜೆ ಅವಳೇ ಫೋನ್ ಮಾಡಿದಳು: 'ಕನ್ನಡಕ ಒಡೆದಿದೆ ಕಣೇ, ನಿನ್ನ ರಾಮಾಯಣ ಓದೋಕಾಗಲಿಲ್ಲ, ಏನಂತ ಬಾಯಲ್ಲೇ ಹೇಳು.' ಗುಡ್ಡ ಅಗೆದು ಇಲಿ ಹಿಡಿಯುವುದು ಎನ್ನುತ್ತಾರಲ್ಲ, ನನಗೆ ಇಲಿಯೂ ಸಿಗಲಿಲ್ಲ.

ಕಾದಂಬರಿಕಾರರು ಬೇಡದ್ದನ್ನೆಲ್ಲ ಕತ್ತರಿಸಿ ಎಸೆದಿರುತ್ತಾರೆ. ಬದುಕನ್ನು ಯಾರೂ ತಿದ್ದುವುದಿಲ್ಲ. ಅಲ್ಲಿ ಬಹುಪಾಲು ವಿವರಗಳು ಬರೀ ವಿವರಗಳು. ಹಿನ್ನಡೆಯಾದಾಗ ನಮಗೆ ಕಷ್ಟವಾಗುವುದು ಇದನ್ನು ಒಪ್ಪುವುದೇ. 'ಇದಕ್ಕೆಲ್ಲ ಏನೋ ಒಂದು ಕಾರಣ ಇರಲೇಬೇಕು' ಎಂದು ವರ್ಷಗಟ್ಟಲೆ ಹಳೆಯ ಕಡತ ಬಿಚ್ಚುತ್ತ ಕುಳಿತವರನ್ನು ನೋಡಿದ್ದೇನೆ. ಕೆಲವೊಮ್ಮೆ ಕಾರಣ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ತಿಳಿಯುವ ದಾರಿ ಊಹೆಯಲ್ಲ, ಹೋಗಿ ಕೇಳುವುದು. ಪತ್ತೇದಾರನಾದರೂ ಕೊನೆಗೆ ಮಾಡುವುದು ಅದನ್ನೇ: ಬಾಗಿಲು ತಟ್ಟಿ ಪ್ರಶ್ನೆ ಕೇಳುತ್ತಾನೆ. ಓದುಗರಾದ ನಾವು ಅವನ ಅನುಮಾನವನ್ನು ಮಾತ್ರ ಕಲಿತು, ಬಾಗಿಲು ತಟ್ಟುವುದನ್ನು ಬಿಟ್ಟುಬಿಡುತ್ತೇವೆ.

ಓದಿನಿಂದ ಮೈಗೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಎದೆ ಡವಡವ ಎನ್ನುವ ಅಧ್ಯಾಯ ಮುಗಿದ ಮೇಲೂ ಆ ಬಿಸಿ ತಕ್ಷಣ ಇಳಿಯುವುದಿಲ್ಲ. ಡಾಲ್ಫ್ ಜಿಲ್‌ಮನ್ ಎಂಬ ಸಂಶೋಧಕರು 1970ರ ದಶಕದಲ್ಲಿ ವಿವರಿಸಿದಂತೆ, ಉಳಿದ ಉದ್ರೇಕ ಮುಂದೆ ಬರುವ ಭಾವಕ್ಕೆ ಸೇರಿಕೊಂಡು ಅದನ್ನು ದೊಡ್ಡದು ಮಾಡುತ್ತದೆ. ನಾಯಕ ಬದುಕಿಬಂದಾಗ ನಮಗಾಗುವ ಹಾಯೆನಿಸುವಿಕೆ ಅಷ್ಟು ದೊಡ್ಡದಾಗಿರುವುದು ಅದರಿಂದಲೇ. ಆಫೀಸಿನಲ್ಲಿ ಬೈಸಿಕೊಂಡು ಮನೆಗೆ ಬಂದವರ ಕಥೆಯೂ ಇದೇ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆಯಲ್ಲಿ ಒಂದು ತಿದ್ದುಪಡಿ ಬೇಕು: ಬಹಳ ಸಲ ಅತ್ತೆ ಮೇಲಿನ ಕೋಪ ಇನ್ನೂ ಮೈಯಲ್ಲಿದೆ ಎಂಬುದೇ ನಮಗೆ ಗೊತ್ತಿರುವುದಿಲ್ಲ, ಕೊತ್ತಿಯೇ ತಪ್ಪು ಮಾಡಿದೆ ಎಂದು ನಿಜವಾಗಿ ನಂಬಿರುತ್ತೇವೆ. ಮೂಲ ಗೊತ್ತಾದರೆ ಬಿಸಿ ಅಷ್ಟು ಸುಲಭವಾಗಿ ವರ್ಗಾವಣೆಯಾಗದು. ಆದ್ದರಿಂದ ಬಾಗಿಲಲ್ಲೇ 'ನನ್ನ ಮೈ ಇನ್ನೂ ಆಫೀಸಿನಲ್ಲಿದೆ, ಹತ್ತು ನಿಮಿಷ ಬಿಡಿ' ಎಂದು ಹೇಳಿಬಿಡಿ ಎನ್ನುತ್ತೇನೆ. ನಾಟಕದಂತೆ ಕೇಳಿಸುತ್ತದೆ, ಆದರೆ ಕೆಲಸ ಮಾಡುತ್ತದೆ.

ಮಲಗುವ ಮುನ್ನ ಥ್ರಿಲ್ಲರ್ ಓದಬಹುದೇ ಎಂದು ಕೇಳುವವರಿಗೆ ನನ್ನದು ಒಂದೇ ಸಲಹೆ: ಅಧ್ಯಾಯ ಮುಗಿಸಿ ಮಲಗಬೇಡಿ. ಗಾಳ ಇರುವುದೇ ಅಧ್ಯಾಯದ ಕೊನೆಯ ಸಾಲಿನಲ್ಲಿ. ಮುಂದಿನ ಅಧ್ಯಾಯದ ಎರಡು ಪುಟ ಓದಿ, ಗಾಳ ಸಡಿಲವಾದ ಜಾಗದಲ್ಲಿ ಮಡಚಿಡಿ.

ಇಂಥ ಓದು ಗಟ್ಟಿ ಮನಸ್ಸು ಕೊಡುತ್ತದೆಯೇ? 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಯಾನಕ ಚಿತ್ರಗಳ ಅಭಿಮಾನಿಗಳು ಕೋವಿಡ್‌ನ ಮೊದಲ ತಿಂಗಳುಗಳಲ್ಲಿ ಕಡಿಮೆ ತೊಳಲಾಟ ಹೇಳಿಕೊಂಡಿದ್ದರು. ಚಿತ್ರಗಳಿಂದ ಅವರು ಗಟ್ಟಿಯಾದರೋ, ಗಟ್ಟಿಯಿದ್ದವರೇ ಅಂಥ ಚಿತ್ರ ನೋಡುತ್ತಾರೋ ಎಂಬುದು ಅದರಿಂದ ತೀರ್ಮಾನವಾಗದು. ಹಾಗಾಗಿ ನಾನು ಕಾದಂಬರಿಯನ್ನು ಔಷಧಿಯಂತೆ ಬರೆದುಕೊಡುವುದಿಲ್ಲ. ಇನ್ನು ಬಿಲ್ ಕಟ್ಟುವುದು, ಫೋನ್ ಎತ್ತುವುದು, ಕ್ಷಮೆ ಕೇಳುವುದು ಎಲ್ಲ ಬಾಕಿ ಇಟ್ಟು ಮೂರು ದಿನದಲ್ಲಿ ನಾಲ್ಕು ಕಾದಂಬರಿ ಮುಗಿಸಿದವರಿಗೆ ಓದು ಆಸರೆಯಲ್ಲ, ಅಡಗುತಾಣ. ವಾರಗಟ್ಟಲೆ ನಿದ್ದೆ, ಹಸಿವು ಎರಡೂ ಹೋಗಿದ್ದರೆ ಪುಸ್ತಕ ಬದಿಗಿಟ್ಟು ವೈದ್ಯರನ್ನೋ ನಮ್ಮಂಥವರನ್ನೋ ನೋಡಬೇಕು.

ಕೊನೆಯ ಪುಟ ಮೊದಲೇ ಓದುವವರನ್ನು ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ಪುಸ್ತಕಗಳ ವಿಷಯದಲ್ಲಿ ನಾನೂ ಆ ಪಂಗಡದವಳೇ. 2011ರಲ್ಲಿ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು 12 ಸಣ್ಣಕಥೆಗಳ ಮುಕ್ತಾಯವನ್ನು ಕೆಲವರಿಗೆ ಮೊದಲೇ ಹೇಳಿ ಓದಿಸಿದರೆ, ಗುಟ್ಟು ತಿಳಿದವರಿಗೇ ಕಥೆ ತುಸು ಹೆಚ್ಚು ಹಿಡಿಸಿತ್ತು. ಆಮೇಲಿನ ಅಧ್ಯಯನಗಳು ಬೇರೆಬೇರೆ ಹೇಳಿವೆ, ಆದರೂ ನನ್ನ ಮನೆಯವರೊಡನೆ ವಾದಕ್ಕೆ ಇದೊಂದು ಸಾಕು. ಪುಸ್ತಕದ ಕೊನೆಯ ಪುಟ ಅಚ್ಚಾಗಿರುತ್ತದೆ, ತಿರುವಿ ನೋಡಿದರೆ ತಪ್ಪೇನಿಲ್ಲ. ನನ್ನ ತಕರಾರು ಅಚ್ಚಾಗದ ಪುಟವನ್ನು ಓದುವವರ ಬಗ್ಗೆ.

ಮೂರು ವಾರದ ಮೇಲೆ ಆಕೆ ಮತ್ತೆ ಬಂದರು. 'ಬಡ್ತಿ ಬರಲಿಲ್ಲ ಮೇಡಂ' ಎಂದರು, ಕುರ್ಚಿ ಎಳೆದುಕೊಳ್ಳುವ ಮೊದಲೇ. ಎರಡು ದಿನ ಅತ್ತರಂತೆ. ರಾಜೀನಾಮೆ ಬರೆಯಲಿಲ್ಲ, ಕಂತೂ ನಿಲ್ಲಲಿಲ್ಲ. ಎಲ್ಲಿ ಕಮ್ಮಿಯಾಯಿತು ಎಂದು ಮೇಲಧಿಕಾರಿಯನ್ನೇ ಕೇಳಿದರಂತೆ. ಎರಡು ಅಂಶ ಹೇಳಿದರಂತೆ, ಒಂದನ್ನು ಆಕೆ ಒಪ್ಪುತ್ತಾರೆ, ಇನ್ನೊಂದು ಶುದ್ಧ ಅನ್ಯಾಯ ಎನ್ನುತ್ತಾರೆ.

'ಲಿಫ್ಟಿನಲ್ಲಿ ಯಾಕೆ ನಗಲಿಲ್ಲ ಅಂತ?'

'ಕೇಳಬೇಕು ಅಂತಲೇ ಹೋಗಿದ್ದೆ. ಮರೆತುಹೋಯಿತು.'

ಕಾದಂಬರಿ ಮುಗಿದಿತ್ತು, ಕೊಲೆಗಾರ ಆಕೆ ಅಂದುಕೊಂಡವನಾಗಿರಲಿಲ್ಲ. ಚೀಲದಿಂದ ತೆಗೆದು ಮಡಿಲ ಮೇಲಿಟ್ಟುಕೊಂಡದ್ದು ಬೇರೆ ಪುಸ್ತಕ. ಮೊದಲ ಮೂವತ್ತು ಪುಟ ದಾಟಿದ ಜಾಗದಲ್ಲಿ ನನ್ನ ಪ್ಯಾಡಿನ ಚೀಟಿ ಇಣುಕುತ್ತಿತ್ತು.