ಹಬ್ಬ ಕಲಿತರೆ ಚೆಕ್ ಭಾಷೆ ಬರುತ್ತದೆಯೇ?

ಪ್ರಶ್ನೆ: ಕೆಲಸದ ಮೇಲೆ ಚೆಕ್ ಗಣರಾಜ್ಯದ ಬ್ರ್ನೋ ನಗರಕ್ಕೆ ಬಂದು ಒಂದೂವರೆ ವರ್ಷವಾಯಿತು. ಕಚೇರಿಯಲ್ಲಿ ಇಂಗ್ಲಿಷ್ ಸಾಕಾಗುತ್ತದೆ, ಅಂಗಡಿಯಲ್ಲಿ ಸಾಕಾಗುವುದಿಲ್ಲ. ಸಂಜೆಯ ತರಗತಿಗೆ ಸೇರಿದೆ. ಏಳು ವಿಭಕ್ತಿಗಳ ಕೋಷ್ಟಕ ಕಂಡು ಮೂರನೆಯ ವಾರಕ್ಕೇ ಬಿಟ್ಟೆ. ‘ವ್ಯಾಕರಣ ಬಿಡಿ, ಹಬ್ಬ ಹರಿದಿನಗಳ ಮೂಲಕ ಕಲಿಯಿರಿ’ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಕಲಿತರೆ ಭಾಷೆ ಬರುತ್ತದೆಯೇ, ಹಬ್ಬದ ಹೆಸರುಗಳು ಮಾತ್ರ ಬರುತ್ತವೆಯೇ?

ಉತ್ತರ: ಹೆಸರುಗಳನ್ನು ಕೂಡಿಹಾಕಿದರೆ ಹೆಸರುಗಳು ಮಾತ್ರ ಬರುತ್ತವೆ. ‘ಪೊಮ್ಲಾಜ್ಕ’ ಎಂದರೆ ಈಸ್ಟರ್ ಹಬ್ಬಕ್ಕೆ ಹೆಣೆಯುವ ವಿಲೋ ಕಡ್ಡಿಗಳ ಚಾವಟಿ ಎಂದು ತಿಳಿದುಕೊಂಡವರಿಗೆ ಆ ಪದ ವರ್ಷದಲ್ಲಿ ಒಂದು ಸೋಮವಾರ ಕೆಲಸಕ್ಕೆ ಬರುತ್ತದೆ, ಉಳಿದ ದಿನಗಳಲ್ಲಿ ಅಟ್ಟ ಸೇರುತ್ತದೆ. ಹಬ್ಬದ ಸುತ್ತ ಜನ ಆಡುವ ವಾಕ್ಯಗಳು ಹಾಗಲ್ಲ. ಅವುಗಳ ಬಾಲದಲ್ಲಿ ಒಂದೊಂದು ವಿಭಕ್ತಿ ಅಂಟಿಕೊಂಡಿರುತ್ತದೆ, ಮತ್ತು ಅದೇ ಬಾಲ ಮರುದಿನ ಬ್ಯಾಂಕಿನಲ್ಲೂ ತರಕಾರಿ ಅಂಗಡಿಯಲ್ಲೂ ಬೇಕಾಗುತ್ತದೆ. ಆದ್ದರಿಂದ ಹೆಸರನ್ನು ಬಿಟ್ಟು ಬಾಲವನ್ನು ಹಿಡಿಯಿರಿ. ವ್ಯಾಕರಣ ಬಿಡಿ ಎನ್ನುವವರ ಮಾತನ್ನು ನಾನಂತೂ ಒಪ್ಪುವುದಿಲ್ಲ. ಅದು ಇಂಗ್ಲಿಷಿನಿಂದ ಬಂದವರಿಗೆ ಹೇಳುವ ಸಮಾಧಾನ. ಹುಟ್ಟಿದಾಗಿನಿಂದ ‘ಮರವನ್ನು, ಮರದಿಂದ, ಮರಕ್ಕೆ’ ಎನ್ನುತ್ತ ಬೆಳೆದ ನಮಗೆ ವಿಭಕ್ತಿ ಹೊಸದೇನಲ್ಲ.

ನೀವು ಸೋತದ್ದು ಬಹುಶಃ ಕ್ರಮಸಂಖ್ಯೆಯಲ್ಲಿ. ಚೆಕ್ ಶಾಲಾಮಕ್ಕಳೂ ನಮ್ಮಂತೆಯೇ ವಿಭಕ್ತಿಗಳನ್ನು ಮೊದಲನೆಯದು, ಎರಡನೆಯದು ಎಂದು ಎಣಿಸಿಯೇ ಕಲಿಯುತ್ತಾರೆ. ಆದರೆ ಎಣಿಕೆ ಬೇರೆ. ಅವರ ಎರಡನೆಯದು ನಮ್ಮ ಷಷ್ಠಿ, ಅವರ ಮೂರನೆಯದು ನಮ್ಮ ಚತುರ್ಥಿ, ನಾಲ್ಕನೆಯದು ನಮ್ಮ ದ್ವಿತೀಯಾ, ಐದನೆಯದು ಸಂಬೋಧನೆ, ಆರನೆಯದು ಸಪ್ತಮಿ, ಏಳನೆಯದು ತೃತೀಯಾ. ನಮ್ಮ ಹಳೆಯ ವ್ಯಾಕರಣದ ಪಂಚಮಿಗೆ ಅಲ್ಲಿ ಬೇರೆ ಮನೆಯೇ ಇಲ್ಲ, ಅದು ಎರಡನೆಯದರಲ್ಲಿ ಬಾಡಿಗೆಗಿದೆ. ಈ ಹೊಂದಾಣಿಕೆಯನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಉಚ್ಚಾರಣೆಯಲ್ಲೂ ನಮಗೆ ಒಂದು ಸುಳಿವು ಸಿಕ್ಕುತ್ತದೆ. ನಿಮ್ಮ ಊರಿನ ಹೆಸರಿನ ಮೊದಲರ್ಧದಲ್ಲಿ ಸ್ವರವೇ ಇಲ್ಲವೆಂದು ವಿದೇಶಿಯರು ಕಂಗಾಲಾಗುತ್ತಾರೆ. ಅಲ್ಲಿ ‘ರ್’ ಎಂಬುದೇ ಸ್ವರದ ಕೆಲಸ ಮಾಡುತ್ತದೆ, ಅಂದರೆ ನಮ್ಮ ಋ. ‘ಬೃನೊ’ ಎಂದು ಬರೆದುಕೊಂಡರೆ ಹೆಚ್ಚು ಕಡಿಮೆ ಸರಿ. ಋ ಅಕ್ಷರವನ್ನು ‘ರು’ ಎನ್ನುವ ನಮ್ಮ ಅಭ್ಯಾಸವನ್ನು ಮಾತ್ರ ಬಿಡಬೇಕು. ಬೆರಳಿಗೆ ‘ಪೃಸ್ತ್’, ಕುತ್ತಿಗೆಗೆ ‘ಕೃಕ್’. ತೋಳಕ್ಕೆ ‘ವ್ಲ್ಕ್’, ಇಲ್ಲಿ ಸ್ವರವಾಗಿರುವುದು ‘ಲ್’, ವರ್ಣಮಾಲೆಯಿಂದ ನಾವು ಕೈಬಿಟ್ಟ ಌ. ಭೀಮನನ್ನು ವೃಕೋದರ ಎನ್ನುತ್ತೇವಲ್ಲ, ಆ ವೃಕ ಮತ್ತು ಈ ವ್ಲ್ಕ್ ಒಂದೇ ಬೇರಿನ ಪದಗಳು.

ಇನ್ನು ಹಬ್ಬಕ್ಕೆ ಬರೋಣ. ಶುರುವಿಗೆ ದೊಡ್ಡ ಹಬ್ಬ ಬೇಡ, ದಿನದಿನದ ಪುಟ್ಟ ಹಬ್ಬ ಸಾಕು. ಚೆಕ್ ಕ್ಯಾಲೆಂಡರಿನಲ್ಲಿ ಹೆಚ್ಚುಕಡಿಮೆ ಪ್ರತಿ ದಿನಕ್ಕೂ ಒಂದು ಹೆಸರು ಅಚ್ಚಾಗಿರುತ್ತದೆ. ಮಾರ್ಚ್ 19 ಯೋಸೆಫ್, ಡಿಸೆಂಬರ್ 4 ಬಾರ್ಬೊರ, ಡಿಸೆಂಬರ್ 13 ಲುತ್ಸಿಯೆ. ಅಂದು ಆ ಹೆಸರಿನವರಿಗೆ ‘ವ್ಶೆಖ್ನೊ ನೆಯ್‌ಲೆಪ್ಶೀ ಕ್ ಸ್ವಾತ್ಕು’ ಎಂದು ಶುಭ ಕೋರುತ್ತಾರೆ. ‘ಸ್ವಾತೆಕ್’ ಎಂದರೆ ಹೆಸರಿನ ಹಬ್ಬ. ‘ಕ್’ ಸೇರಿದೊಡನೆ ಅದು ‘ಸ್ವಾತ್ಕು’ ಆಯಿತು, ನಮ್ಮ ‘ಹಬ್ಬಕ್ಕೆ’ ಇದ್ದಂತೆ. ಹುಟ್ಟುಹಬ್ಬಕ್ಕಾದರೆ ‘ಕ್ ನರೊಜೆನಿನಾಮ್’. ಮೂರನೆಯ ವಿಭಕ್ತಿ ಹೀಗೆ ಕಚೇರಿಯ ಕೇಕ್ ತಿನ್ನುತ್ತಲೇ ಬಾಯಿಗೆ ಹತ್ತುತ್ತದೆ.

ಶುಭಾಶಯದ ಜೊತೆಗೆ ಹೆಸರು ಹಿಡಿದು ಕರೆಯಲೇಬೇಕಲ್ಲ, ಅಲ್ಲಿ ಸಂಬೋಧನೆ. ಪೆತೃ ಎಂಬವರನ್ನು ‘ಪೆತ್ರ್ಶೆ’ ಎನ್ನಬೇಕು, ನೊವಾಕ್ ಅವರನ್ನು ‘ಪನೆ ನೊವಾಕು’, ಎವಾಳನ್ನು ‘ಎವೊ’. ಆಕಾರದಲ್ಲಿ ಮುಗಿಯುವ ಹೆಣ್ಣು ಹೆಸರುಗಳೆಲ್ಲ ಕರೆಯುವಾಗ ಒಕಾರಕ್ಕೆ ತಿರುಗುತ್ತವೆ. ಕವಿತಾ ಎಂಬ ಹೆಸರಿನವರು ನಿಮ್ಮ ಕಚೇರಿಯಲ್ಲಿದ್ದರೆ ಒಂದಲ್ಲ ಒಂದು ದಿನ ‘ಕವಿತೊ’ ಆಗುತ್ತಾರೆ. ಹೆಸರು ಕೆಡಿಸಿದರೆಂದು ಬೇಸರಿಸಬೇಡಿ, ವಿಭಕ್ತಿ ಹಚ್ಚಿ ಒಳಗೆ ಕರೆದುಕೊಂಡಿದ್ದಾರೆ ಅಷ್ಟೇ. ನೀನು, ನೀವು ಎಂಬ ವ್ಯತ್ಯಾಸ ಅವರಲ್ಲೂ ಇದೆ. ‘ನೀನು’ ಎನ್ನಲು ಹಿರಿಯರೇ ಮೊದಲು ಹೇಳಬೇಕೆಂಬ ಮರ್ಯಾದೆಯನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಮನೆಯೊಳಗೆ ಹೋಗುವ ಮುನ್ನ ಶೂ ಬಿಚ್ಚುವುದನ್ನೂ ಅಷ್ಟೇ. ‘ಬಿಚ್ಚಬೇಡಿ, ಪರವಾಗಿಲ್ಲ’ ಎಂದು ಮನೆಯವರು ಉಪಚಾರದ ಮಾತು ಹೇಳುತ್ತಾರೆ, ನೀವು ಬಿಚ್ಚುತ್ತೀರಿ.

ನಿಜವಾದ ವ್ಯಾಕರಣ ಪುಸ್ತಕ ತೆರೆಯುವುದು ಡಿಸೆಂಬರ್‌ನಲ್ಲಿ. ಚೆಕ್ ಕ್ರಿಸ್‌ಮಸ್‌ಗೆ ಉಡುಗೊರೆ ತರುವವನು ಕೆಂಪಂಗಿಯ ಗಡ್ಡದಜ್ಜನಲ್ಲ, ಬಾಲಯೇಸು, ‘ಯೆಝೀಶೆಕ್’. ಅವನನ್ನು ಯಾರೂ ನೋಡುವುದಿಲ್ಲ. ಡಿಸೆಂಬರ್ 24ರ ಸಂಜೆ ಒಂದು ಗಂಟೆ ಕಿಣಿಕಿಣಿಗುಟ್ಟುತ್ತದೆ, ಮಕ್ಕಳು ಓಡಿ ಬಂದರೆ ಮರದ ಕೆಳಗೆ ಪೊಟ್ಟಣಗಳಿರುತ್ತವೆ. ಆ ತಿಂಗಳು ಮಕ್ಕಳಿರುವ ಯಾವುದೇ ಮನೆಯ ಮಾತಿಗೆ ಕಿವಿಗೊಡಿ. ಯೆಝೀಶೆಕ್ ಬರುತ್ತಾನೆ. ‘ಯೆಝೀಶ್ಕೊವಿ’ ಪತ್ರ ಬರೆ, ಅಂದರೆ ಅವನಿಗೆ. ಈ ಗೊಂಬೆ ‘ಒದ್ ಯೆಝೀಶ್ಕ’, ಅವನಿಂದ ಬಂದದ್ದು. ‘ಯೆಝೀಶ್ಕು!’ ಎಂದು ಕೂಗಿ ಬೇಡಿಕೊಳ್ಳುವ ಮಗುವೂ ಇದೆ. ಕೋಷ್ಟಕದ ನಾಲ್ಕು ಸಾಲು ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ, ಅಳು ನಗುಗಳ ಸಮೇತ ಮುಗಿಯಿತು. ಜರ್ಮನಿಯ ಗಡಿಗೆ ಹತ್ತಿರದ ಬೆಟ್ಟದೂರು ಬೊಝೀ ದರ್‌ನಲ್ಲಿ ಯೆಝೀಶೆಕ್‌ಗೆ ಬರುವ ಪತ್ರಗಳಿಗಾಗಿಯೇ ಒಂದು ಅಂಚೆ ಕಚೇರಿ ಇದೆ. ಊರಿನ ಹೆಸರಿನ ಅರ್ಥವೇ ‘ದೇವರ ಉಡುಗೊರೆ’.

ಅದೇ ಸಂಜೆಯ ಊಟಕ್ಕೆ ಕಾರ್ಪ್ ಮೀನು. ದಕ್ಷಿಣ ಬೊಹೀಮಿಯಾದ ತ್ರ್ಶೆಬೊನ್ ಸುತ್ತಮುತ್ತ ಇದಕ್ಕೆಂದೇ ಶತಮಾನಗಳಿಂದ ಕೆರೆಗಳಿವೆ. ಅವುಗಳಲ್ಲಿ ಎಲ್ಲಕ್ಕೂ ದೊಡ್ಡದಾದ ರೊಝ್ಮ್‌ಬೆರ್ಕ್ ಕೆರೆಯನ್ನು ಯಾಕುಬ್ ಕೃಚೀನ್ 1590ರಲ್ಲಿ ಕಟ್ಟಿ ಮುಗಿಸಿದ. ಹಬ್ಬಕ್ಕೆ ನಾಲ್ಕೈದು ದಿನ ಮೊದಲು ಬೀದಿಬೀದಿಯಲ್ಲಿ ದೊಡ್ಡ ತೊಟ್ಟಿಗಳನ್ನಿಟ್ಟು ಜೀವಂತ ಮೀನು ಮಾರುತ್ತಾರೆ. ಅದನ್ನು ಮನೆಗೆ ತಂದು ಸ್ನಾನದ ತೊಟ್ಟಿಯಲ್ಲಿ ಬಿಟ್ಟುಕೊಳ್ಳುವ ಪದ್ಧತಿ ಇತ್ತು, ಕೆಲವರಲ್ಲಿ ಈಗಲೂ ಇದೆ. ಮಕ್ಕಳು ಮೀನಿಗೆ ಹೆಸರಿಟ್ಟುಬಿಡುತ್ತಾರೆ, ಆಮೇಲೆ ಅಡುಗೆಗೆ ಕೊಡಲು ಒಪ್ಪುವುದಿಲ್ಲ.

ಈ ಮೀನು ನಾಲ್ಕನೆಯ ವಿಭಕ್ತಿಯ ಗುಟ್ಟನ್ನು ಬಿಟ್ಟುಕೊಡುತ್ತದೆ. ‘ನಮ್ಮಲ್ಲಿ ಮರ ಇದೆ’ ಎನ್ನಲು ‘ಮಾಮೆ ಸ್ತ್ರೊಮೆಕ್’, ಪದ ಬದಲಾಗುವುದಿಲ್ಲ. ‘ನಮ್ಮಲ್ಲಿ ಕಾರ್ಪ್ ಇದೆ’ ಎನ್ನಲು ‘ಮಾಮೆ ಕಪ್ರ’. ‘ಕಪೃ’ ಎಂಬ ಮೂಲ ರೂಪಕ್ಕೆ ಅಕಾರ ಅಂಟಿತು. ಜೀವವಿರುವ ಪುಲ್ಲಿಂಗಕ್ಕೆ ಪ್ರತ್ಯಯ ಬೇಕು, ನಿರ್ಜೀವಕ್ಕೆ ಬೇಡ. ಕನ್ನಡದಲ್ಲೂ ‘ಪುಸ್ತಕ ತಂದೆ’ ಎಂದರೆ ಸಾಕು, ‘ಹುಡುಗ ಕರೆತಂದೆ’ ಎಂದರೆ ಕಿವಿಗೆ ಚುಚ್ಚುತ್ತದೆ, ‘ಹುಡುಗನನ್ನು’ ಎನ್ನಲೇಬೇಕು. ಒಂದೇ ವ್ಯತ್ಯಾಸವೆಂದರೆ ಹುರಿದು ತಟ್ಟೆಗೆ ಬಂದ ಮೇಲೂ ಚೆಕ್ ವ್ಯಾಕರಣದ ಪಾಲಿಗೆ ಆ ಮೀನು ಬದುಕಿಯೇ ಇರುತ್ತದೆ.

ಮೀನು ತಿನ್ನದವರಿಗೆ ಆ ರಾತ್ರಿ ‘ಕುಬ’ ಇದೆ, ಬಾರ್ಲಿ ಮತ್ತು ಒಣ ಅಣಬೆಯ ಅಡುಗೆ. ‘ಬೆಜ್ ಮಸ’, ಮಾಂಸವಿಲ್ಲದೆ, ಎಂಬುದು ಸಸ್ಯಾಹಾರಿ ಕನ್ನಡಿಗರು ಇಳಿದ ದಿನವೇ ಕಲಿಯುವ ಎರಡನೆಯ ವಿಭಕ್ತಿ. (ಹಾಗೆಂದರೂ ಹ್ಯಾಮ್ ಚೂರುಗಳು ಬಂದು ಬೀಳುವುದುಂಟು. ‘ಅನಿ ಶುಂಕಿ’, ಹ್ಯಾಮ್ ಕೂಡ ಬೇಡ, ಎಂದು ಸೇರಿಸಿ.) ಊಟವಾದ ಮೇಲೆ ಸೇಬನ್ನು ಅಡ್ಡಡ್ಡ ಕತ್ತರಿಸುತ್ತಾರೆ, ನಡುವೆ ನಕ್ಷತ್ರ ಕಂಡರೆ ವರ್ಷವಿಡೀ ಆರೋಗ್ಯ, ಶಿಲುಬೆ ಕಂಡರೆ ಕೇಡು. ಕತ್ತರಿಸುವುದು ‘ನೊಝೆಮ್’, ಚಾಕುವಿನಿಂದ. ಈ ಏಳನೆಯ ವಿಭಕ್ತಿಯಲ್ಲಿ ನಾವು ಎಡವುವ ಜಾಗ ಬೇರೆ. ನಾವು ಬಸ್ಸಿನಲ್ಲಿ ಹೋಗುತ್ತೇವೆ, ಚೆಕ್ ಜನ ‘ಬಸ್ಸಿನಿಂದ’ ಹೋಗುತ್ತಾರೆ. ಚಾಕುವಿನಂತೆ ವಾಹನವೂ ಅವರಿಗೊಂದು ಸಾಧನ. ಪ್ರಾಗ್‌ನಲ್ಲಿ ‘ತ್ರಮ್ವಯೀ’, ಟ್ರ್ಯಾಮ್‌ಗೆ ಬೇರೆಯೇ ಹೆಸರಿಟ್ಟಿರುವ ನಿಮ್ಮ ಬ್ರ್ನೋದಲ್ಲಿ ‘ಶಲಿನೌ’.

ವಸಂತದಲ್ಲಿ ಪಠ್ಯಪುಸ್ತಕಕ್ಕೇ ಒಂದು ಪೆಟ್ಟು ಬೀಳುತ್ತದೆ. ಈಸ್ಟರ್ ಸೋಮವಾರ ಗಂಡುಮಕ್ಕಳು ಮನೆಮನೆಗೆ ಹೋಗಿ ಹೆಣ್ಣುಮಕ್ಕಳಿಗೆ ಪೊಮ್ಲಾಜ್ಕದಿಂದ ಮೆಲ್ಲಗೆ ಹೊಡೆದು ಬಣ್ಣದ ಮೊಟ್ಟೆ ಪಡೆಯುತ್ತಾರೆ. ಹೊಡೆಸಿಕೊಂಡವರು ಚಿಗುರುತ್ತಾರೆ ಎಂಬುದು ನಂಬಿಕೆ. ಈ ಪದ್ಧತಿ ನನಗೆ ಇಷ್ಟವಿಲ್ಲ, ಅಲ್ಲಿನ ಅನೇಕ ಹೆಂಗಸರಿಗೂ ಇಷ್ಟವಿಲ್ಲ. ಪದ್ಯ ಮಾತ್ರ ಚೆನ್ನಾಗಿದೆ. ‘ಹೊದಿ, ಹೊದಿ, ದೊಪ್ರೊವೊದಿ, ದೆಯ್ತೆ ವೆಯ್ತ್ಸೆ ಮಲೊವಾನೀ’: ಬಣ್ಣದ ಮೊಟ್ಟೆ ಕೊಡಿ, ಅದಿಲ್ಲದಿದ್ದರೆ ಬಿಳಿಯದಾದರೂ ಕೊಡಿ, ಕೋಳಿ ಇನ್ನೊಂದು ಇಡುತ್ತದೆ ಎಂದು ಮುಂದುವರಿಯುತ್ತದೆ. ತರಗತಿಯಲ್ಲಿ ಕಲಿತವರು ‘ಮಲೊವಾನೇ’ ಆಗಬೇಕಿತ್ತಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಆಗಬೇಕಿತ್ತು, ಬರವಣಿಗೆಯಲ್ಲಿ. ಪ್ರಾಗ್ ಕಡೆಯ ಆಡುಮಾತಿನಲ್ಲಿ ಆ ಏಕಾರ ಈಕಾರವಾಗುತ್ತದೆ. ಬರೆಯುವ ಕನ್ನಡ ಒಂದು, ಆಡುವ ಕನ್ನಡ ಇನ್ನೊಂದು ಎಂದು ಬಲ್ಲ ನಮಗೆ ಇದರಲ್ಲಿ ಅಚ್ಚರಿಯೇನಿದೆ? ಪದ್ಯದ ‘ದೆಯ್ತೆ’, ಕೊಡಿ, ಮಾತ್ರ ವರ್ಷಪೂರ್ತಿ ಬೇಕು: ‘ದೆಯ್ತೆ ಮಿ ದೆಸೆತ್ ದೆಕ ಸೀರ’, ನೂರು ಗ್ರಾಂ ಚೀಸ್ ಕೊಡಿ.

ತಿಂಗಳ ಹೆಸರುಗಳನ್ನು ಬಾಯಿಪಾಠ ಮಾಡಬೇಡಿ, ಕಿಟಕಿಯಿಂದ ಹೊರಗೆ ನೋಡಿ. ಜನವರಿ ‘ಲೆದೆನ್’, ಮಂಜುಗಡ್ಡೆಯದು. ಏಪ್ರಿಲ್ ‘ದುಬೆನ್’, ಓಕ್ ಮರದ್ದು. ಮೇ ‘ಕ್ವ್ಯೆತೆನ್’, ಹೂವಿನದು. ಆಗಸ್ಟ್ ‘ಸೃಪೆನ್’, ಕುಡುಗೋಲಿನದು. ನವೆಂಬರ್ ‘ಲಿಸ್ತೊಪದ್’, ಎಲೆ ಉದುರುವುದು. ಕ್ರೊಯೇಷಿಯನ್ನರಲ್ಲಿ ಇದೇ ಹೆಸರು ಅಕ್ಟೋಬರ್‌ಗೆ ಸಲ್ಲುತ್ತದೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬಂಥ ಹವಾಮಾನದ ಗಾದೆಗಳೂ ಅವರಲ್ಲಿ ರಾಶಿರಾಶಿ. ‘ಬ್ರ್ಝೆಜೆನ್, ಜ ಕಮ್ನ ವ್ಲೆಜೆಮ್, ದುಬೆನ್, ಯೆಶ್ತ್ಯೆ ತಮ್ ಬುದೆಮ್’: ಮಾರ್ಚ್ ಬಂತು, ಒಲೆಯ ಹಿಂದೆ ತೂರೋಣ, ಏಪ್ರಿಲ್ ಬಂತು, ಇನ್ನೂ ಅಲ್ಲೇ ಇರೋಣ. ಏಪ್ರಿಲ್‌ನ ಚಳಿಯಲ್ಲಿ ಬಸ್ ನಿಲ್ದಾಣದಲ್ಲಿ ಇದನ್ನೊಮ್ಮೆ ಗೊಣಗಿ ನೋಡಿ, ಪಕ್ಕದ ಅಜ್ಜಿ ಮಾತಿಗಿಳಿಯುತ್ತಾರೆ.

ಕಾಯಂ ವಾಸದ ಪರವಾನಗಿಗೆ 2021ರ ಸೆಪ್ಟೆಂಬರ್‌ನಿಂದ ಎ2 ಮಟ್ಟದ, ಅಂದರೆ ಯುರೋಪಿನ ಭಾಷಾ ಅಳತೆಯಲ್ಲಿ ಕೆಳಗಿನಿಂದ ಎರಡನೆಯ ಮೆಟ್ಟಿಲಿನ, ಚೆಕ್ ಪರೀಕ್ಷೆ ಕೇಳುತ್ತಾರೆ, ಅದರಲ್ಲಿ ಯೆಝೀಶೆಕ್ ಬರಲಿಕ್ಕಿಲ್ಲ. ಹಾಗಾಗಿ ತರಗತಿಗೆ ಮತ್ತೆ ಸೇರಿಕೊಳ್ಳಿ ಎಂದೇ ಹೇಳುತ್ತೇನೆ. ಹಬ್ಬದಿಂದ ಹೆಕ್ಕಿದ ವಾಕ್ಯಗಳನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಕೋಷ್ಟಕದಲ್ಲಿ ಪರಿಚಯದ ಮುಖಗಳು ಕಾಣುತ್ತವೆ.

ಎಲ್ಲಿಂದ ಶುರು ಮಾಡುವುದೆಂದು ಕೇಳಿದರೆ, ಬೇಸಿಗೆಯ ಕೊನೆಯ ಒಳ್ಳೆಯ ಮಳೆಯ ಮರುದಿನ ಎನ್ನುತ್ತೇನೆ. ಅಂದು ಬುಟ್ಟಿ ಹಿಡಿದವರೆಲ್ಲ ಕಾಡಿನ ಕಡೆ ಹೊರಟಿರುತ್ತಾರೆ. ಸ್ವಂತ ಬಳಕೆಗೆ ಅಣಬೆ ಕೀಳಲು ಅಲ್ಲಿ ಕಾನೂನಿನ ಒಪ್ಪಿಗೆಯೇ ಇದೆ. ‘ಯ್ದು ನ ಹೌಬಿ’: ಅಣಬೆಗೆ ಹೋಗುತ್ತಿದ್ದೇನೆ. ನಮ್ಮವರು ನೀರಿಗೆ ಹೋದಂತೆ, ಸೌದೆಗೆ ಹೋದಂತೆ. ಅಲ್ಲಿಂದ ಫೋನ್ ಮಾಡಿದರೆ ‘ಸೆಮ್ ನ ಹೌಬಾಖ್’. ಹೊರಟಾಗ ನಾಲ್ಕನೆಯದು, ತಲುಪಿದ ಮೇಲೆ ಆರನೆಯದು. ಮಧ್ಯಾಹ್ನದ ಊಟಕ್ಕೂ ಇದೇ ಅಚ್ಚು: ಹೋಗುವಾಗ ‘ನ ಒಬ್ಯೆತ್’, ಕುಳಿತ ಮೇಲೆ ‘ನ ಒಬ್ಯೆದ್ಯೆ’. ಮಳೆಯ ನಂತರ ಹೌಬಿ ಏಳುವಂತೆ ಎಂದು ಅವರು ಹೇಳುವ ಕಡೆ ನಾವು ನಾಯಿಕೊಡೆಗಳಂತೆ ಎನ್ನುತ್ತೇವೆ. ‘ವೀಶ್ ಹೌಬಿ’ ಎಂದು ಯಾರಾದರೂ ಅಂದರೆ ಮಾತ್ರ ಅದು ಅಣಬೆಯ ವಿಷಯವಲ್ಲ. ನಿನಗೇನೂ ಗೊತ್ತಿಲ್ಲ ಎಂದರ್ಥ.

‘ಹ್ರ್ಝಿಬ್’ ಎಂಬ ಜಾತಿಯ ಅಣಬೆ ಸಿಕ್ಕರೆ ಆಡುಮಾತಿನಲ್ಲಿ ‘ಹ್ರ್ಝಿಬ’ ಸಿಕ್ಕಿತು ಎನ್ನುತ್ತಾರೆ, ಕಾರ್ಪ್ ಮೀನಿನಂತೆ ಜೀವವಿರುವ ಪ್ರತ್ಯಯ ಹಚ್ಚಿ. ಹುಡುಕಾಡಿ ಹಿಡಿದದ್ದಕ್ಕೆ ಜೀವ ಬಂದಿರಬೇಕು. ನಿಮಗೂ ಒಂದು ಸಿಕ್ಕಿದರೆ ಬುಟ್ಟಿಗೆ ಹಾಕುವ ಮುನ್ನ ಹತ್ತಿರದ ಹಿರಿಯರನ್ನು ‘ಯೆ ತೊ ಯೆದ್ಲೇ?’ ಎಂದು ಕೇಳಿ, ತಿನ್ನಬಹುದೇ ಎಂದು. ತಿನ್ನಬಹುದಾದದ್ದು ‘ಯೆದ್ಲೇ’, ವಿಷದ್ದು ‘ಯೆದೊವತೇ’. ಶುರು ಎರಡಕ್ಕೂ ಒಂದೇ. ಅವರು ಪೂರ್ತಿ ಹೇಳಿ ಮುಗಿಸುವವರೆಗೆ ಕಾಯಿರಿ.