ಸ್ಟಾಕ್ ಗ್ರೂಪನ್ನು ಜಿಎಸ್‌ಟಿ ದರದ ಮೇಲೆ ಮಾಡಬೇಕಾ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಕಿರಾಣಿ ಹೋಲ್‌ಸೇಲ್ ಅಂಗಡಿ. ಲೆಕ್ಕ ಇಡಲು ಹೊಸದಾಗಿ ಟ್ಯಾಲಿ ಸಾಫ್ಟ್‌ವೇರ್ ಹಾಕಿಸಿದ್ದೇವೆ. ಐಟಂಗಳ ಗ್ರೂಪ್ ಹೇಗೆ ಮಾಡಬೇಕು? ಜಿಎಸ್‌ಟಿ ದರದ ಪ್ರಕಾರ 5%, 18% ಅಂತ ಮಾಡಿಕೊಂಡರೆ ಸಾಕು ಅಂತಾರೆ. ನಿಜಾನಾ?

ಉತ್ತರ: ಅಂತಾರೆ, ಗೊತ್ತು. ಕೊಪ್ಪಳದಿಂದ ಸಿಂಧನೂರಿನವರೆಗೆ ಯಾವ ಅಂಗಡಿಗೆ ಹೋದರೂ ಇದೇ ಮಾತು. ಬೇಡ ಅಂತ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ.

ಚಿಕ್ಕ ಉತ್ತರ ಮೊದಲು. ನೀವು ಅಂಗಡಿಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಗ್ರೂಪ್ ಮಾಡಿ. ಧಾನ್ಯ, ಅದರೊಳಗೆ ಅಕ್ಕಿ, ಅಕ್ಕಿಯೊಳಗೆ ಸೋನಾ ಮಸೂರಿ. ಮೂರು ಹಂತ ಸಾಕು. ಕಂಪನಿವಾರು ಲೆಕ್ಕ ಬೇಕಾದರೆ ಅದಕ್ಕೆ ಸ್ಟಾಕ್ ಕೆಟಗರಿ ಬೇರೆ ಇದೆ, ಗ್ರೂಪಿನೊಳಗೆ ತುರುಕಬೇಡಿ. "ಇತರೆ" ಅಂತ ಒಂದು ಗ್ರೂಪ್ ತೆರೆದಿರೋ, ಆರು ತಿಂಗಳಲ್ಲಿ ಅರ್ಧ ಅಂಗಡಿ ಅದರಲ್ಲೇ ಇರುತ್ತದೆ.

ಈಗ ದರದ ವಿಷಯ. ಗ್ರೂಪಿಗೆ ಒಮ್ಮೆ ದರ ಹಾಕಿದರೆ ಅದರ ಕೆಳಗಿನ ಐಟಂಗಳಿಗೆಲ್ಲ ತಾನಾಗಿ ಹತ್ತುತ್ತದೆ. ಕೆಲಸ ಉಳಿಯುತ್ತದೆ, ನಿಜ. ಅಲ್ಲಿಂದಲೇ ಈ ತಪ್ಪು ತಿಳಿವಳಿಕೆ ಹುಟ್ಟಿದ್ದು. ಆದರೆ ಗ್ರೂಪಿಗೆ ದರ ಹಾಕುವುದು ಬೇರೆ, ದರವನ್ನೇ ಗ್ರೂಪ್ ಮಾಡುವುದು ಬೇರೆ.

2025ರ ಸೆಪ್ಟೆಂಬರ್ 22 ನೆನಪಿದೆಯಲ್ವಾ? ಅವತ್ತು ಜಿಎಸ್‌ಟಿ ದರಗಳು ಬದಲಾದವು. ತುಪ್ಪ 12%ನಿಂದ 5%ಗೆ ಇಳಿಯಿತು. ಬಿಸ್ಕತ್ತು, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟ್, ಮೈಸೋಪು 18ರಿಂದ 5ಕ್ಕೆ ಬಂದವು. ಬಟ್ಟೆ ಒಗೆಯುವ ಪುಡಿ ಮಾತ್ರ 18ರಲ್ಲೇ ಉಳಿಯಿತು. "18%" ಅಂತ ಗ್ರೂಪ್ ಮಾಡಿದ್ದವರು ಐಟಂಗಳನ್ನು ಒಂದೊಂದಾಗಿ ಎತ್ತಿ "5%"ಗೆ ಹಾಕುತ್ತಾ ಕೂತರು. ಅಷ್ಟೇ ಆಗಿದ್ದರೆ ನಾನು ಸುಮ್ನಿರುತ್ತಿದ್ದೆ. ದರಕ್ಕೆ ತಾರೀಖು ಇದೆ: ಇಂಥ ದಿನದಿಂದ ಇಷ್ಟು ಅಂತ ಟ್ಯಾಲಿಯಲ್ಲಿ ಹಾಕಬಹುದು, ಹಳೇ ಬಿಲ್ಲಿಗೆ ಹಳೇ ದರವೇ ಇರುತ್ತದೆ. ಗ್ರೂಪಿಗೆ ತಾರೀಖು ಇಲ್ಲ. ಸೋಪನ್ನು ಇವತ್ತು "5%" ಗ್ರೂಪಿಗೆ ಎಳೆದರೆ 2025ರ ಜುಲೈನಲ್ಲಿ 18ಕ್ಕೆ ಮಾರಿದ ಸೋಪೂ ರಿಪೋರ್ಟಿನಲ್ಲಿ ಅದೇ ಹೆಸರಿನ ಕೆಳಗೆ ಬಂದು ಕೂರುತ್ತದೆ. ಆ ರಿಪೋರ್ಟ್ ನೋಡಿ ಏನು ತಿಳಿಯಬೇಕು ಹೇಳಿ.

ಇನ್ನು ನಿಮ್ಮೂರಿನ ಅಕ್ಕಿ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 25 ಕೆಜಿವರೆಗೆ 5%. ಅದಕ್ಕಿಂತ ಜಾಸ್ತಿ ತೂಕದ ಚೀಲಕ್ಕೆ ತೆರಿಗೆ ಇಲ್ಲ. 26 ಕೆಜಿ ಚೀಲ ಯಾಕೆ ಬಂತು ಅಂತ ಗಂಗಾವತಿಯವರಿಗೆ ನಾನು ಹೇಳಬೇಕಾಗಿಲ್ಲ. ಒಂದೇ ಮಿಲ್ಲಿನ ಒಂದೇ ಅಕ್ಕಿ, ದರ ನೋಡಿ ಗ್ರೂಪ್ ಮಾಡಿದರೆ ಒಂದು ಚೀಲ ಮೈಸೋಪಿನ ಪಕ್ಕ, ಇನ್ನೊಂದು ಬಿಡಿ ಜೋಳದ ಪಕ್ಕ. ಸೋನಾ ಮಸೂರಿ ಎಷ್ಟು ಕ್ವಿಂಟಾಲ್ ಇದೆ ಅಂದರೆ ಕ್ಯಾಲ್ಕುಲೇಟರ್ ಹಿಡಿಯಬೇಕು. ಸೋನಾ ಮಸೂರಿ ಅಂತ ಒಂದೇ ಗ್ರೂಪ್ ಇಡಿ, ಅದರೊಳಗೆ 25ರದ್ದು ಒಂದು ಐಟಂ, 26ರದ್ದು ಒಂದು ಐಟಂ, ದರ ಐಟಂ ಮೇಲೆ. ಐಟಂನಲ್ಲಿ ಹಾಕಿದ ದರ ಗ್ರೂಪಿನ ದರವನ್ನು ಮೀರಿಸುತ್ತದೆ. ತೆರಿಗೆವಾರು ಲೆಕ್ಕ ಬೇಕಾದಾಗ ಜಿಎಸ್‌ಟಿ ರಿಪೋರ್ಟ್ ಹೇಗೂ ಕೊಡುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗ್ರೂಪಿಗಿಂತ ಜಾಸ್ತಿ ಕಾಟ ಕೊಡುವುದು ಹೆಸರು. ರಾಯಚೂರಿನ ಒಂದು ಅಂಗಡಿಯಲ್ಲಿ ಬಿಲ್ ಮಾಡುವವರು ಮೂವರು. ಒಬ್ಬ ತೊಗರಿ ಬೇಳೆ ಅಂತ ಹಾಕಿದ್ದ, ಇನ್ನೊಬ್ಬ ತೂರ್ ದಾಲ್, ಮೂರನೆಯವನ ಮನೆಮಾತು ತೆಲುಗು, ಅವನದು ಕಂದಿಪಪ್ಪು. ಖರೀದಿ ಒಂದು ಹೆಸರಲ್ಲಿ, ಮಾರಾಟ ಇನ್ನೊಂದರಲ್ಲಿ. ಗೋಡೌನಿನಲ್ಲಿ ಬೇಳೆ ತುಂಬಿದೆ, ಕಂಪ್ಯೂಟರಿನಲ್ಲಿ ಕಂದಿಪಪ್ಪು ಮೈನಸ್. ಐಟಂ ಒಂದೇ ಮಾಡಿ, ಉಳಿದ ಹೆಸರುಗಳನ್ನು ಏಲಿಯಾಸ್‌ನಲ್ಲಿ, ಅಂದರೆ ಅದೇ ಐಟಂಗೆ ಬೇರೆ ಹೆಸರು ಬರೆಯುವ ಜಾಗದಲ್ಲಿ, ಹಾಕಿದರೆ ಮುಗಿಯಿತು, ಯಾರು ಏನು ಟೈಪ್ ಮಾಡಿದರೂ ಅದೇ ಬೇಳೆ ಬರುತ್ತದೆ. ಅಲ್ಲಿ ಹಳೇ ಎಂಟ್ರಿ ಸರಿಮಾಡಲು ಒಂದು ಭಾನುವಾರ ಪೂರ್ತಿ ಹೋಯಿತು. ಮಧ್ಯಾಹ್ನ ಮಾಲೀಕರೇ ವಗ್ಗರಣಿ, ಮಿರ್ಚಿ ತರಿಸಿದರು ಅನ್ನಿ.